ಒಂಬತ್ತನೇ ನಂಬರಿನ ಮನೆಗೆ ವಕೀಲರು ಬೇಕಾಗಿದ್ದಾರೆ

ಆ ದಿನ ಸಿರಿಲ್ ಹಾಲ್‌ರಾಯ್ಡ್ ಮಾಡಿದ ತಪ್ಪು ಒಂದೇ. ಫೋನಿನಲ್ಲಿ ಕೇಳಿದ್ದನ್ನು ಬಾಯಿಬಿಟ್ಟು ಹೇಳಿದ್ದು.

ಫೋನು ಇದ್ದದ್ದು ಅತ್ತೆಯ ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡು. ಅಲ್ಲಿ ನಿಂತು ಪಿಸುಗುಟ್ಟಿದರೂ ಒಲೆಯ ಮುಂದಿದ್ದವರಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಅತ್ತೆ ಅದನ್ನು ಅಲ್ಲಿ ಹಾಕಿಸಿದ್ದರು. ಬೆಳಿಗ್ಗೆ ಸಿರಿಲ್ ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಾಗ ಅದು ಬಡಿದುಕೊಂಡಿತು. ಆ ಕಡೆ ಇದ್ದವನು ಮನೆ ದಲ್ಲಾಳಿ ಬ್ರೆಟ್.

"ಮಿಸ್ಟರ್ ಹಾಲ್‌ರಾಯ್ಡ್, ಒಳ್ಳೆ ಸುದ್ದಿ! ನಿಮ್ಮ ಸಾಲಕ್ಕೆ ಬ್ಯಾಂಕಿನೋರು ಹೂಂ ಅಂದ್ರು. ಇನ್ನು ನಿಮ್ಮ ವಕೀಲರ ಹೆಸರು ಹೇಳ್ಬಿಡಿ, ಕಾಗದಪತ್ರ ಶುರು ಮಾಡ್ಸೋಣ."

"ವಕೀಲರಾ? ನಂಗೆ ಯಾವ ವಕೀಲರೂ ಇಲ್ವಲ್ಲ."

"ಇವತ್ತು ಸಂಜೆ ಐದರೊಳಗೆ ಒಬ್ರನ್ನ ಮಾಡ್ಕೊಳಿ. ಮನೆ ಮಾರೋ ಪಿಲಿಂಗ್ ಅವರಿಗೆ ಅವಸರ ಇದೆ. ಆರ್ಡ್‌ಶಾದಲ್ಲಿ ಮನೆ ಹುಡುಕೋರಿಗೇನೂ ಬರ ಇಲ್ಲ, ನಿಮಗೇ ಗೊತ್ತಲ್ಲ."

"ಐದರೊಳಗೆ ವಕೀಲರನ್ನ ಹುಡುಕ್ಬೇಕಾ!" ಎಂದು ಸಿರಿಲ್ ಜೋರಾಗಿ ಉದ್ಗರಿಸಿಬಿಟ್ಟ.

ಅಡುಗೆಮನೆಯಲ್ಲಿ ಬಾಣಲೆ ಒಲೆಯಿಂದ ಇಳಿದ ಸದ್ದಾಯಿತು.

ಸಿರಿಲ್‌ನ ಅವಸ್ಥೆಯನ್ನು ಇಲ್ಲಿ ಸ್ವಲ್ಪ ಹೇಳಿಬಿಡಬೇಕು. ಮದುವೆಯಾದಂದಿನಿಂದ ಅವನೂ ಹೆಂಡತಿ ನೋರಾಳೂ ಅತ್ತೆ ಹಿಲ್ಡಾ ಕ್ಲೆಗ್ ಅವರ ಬಾಡಿಗೆ ಮನೆಯ ಹಿಂದಿನ ಪುಟ್ಟ ಕೋಣೆಯಲ್ಲಿದ್ದರು. ಮಂಚ ಹಾಕಿದ ಮೇಲೆ ಆ ಕೋಣೆಯಲ್ಲಿ ಉಳಿದದ್ದು ಒಬ್ಬರು ನಿಲ್ಲುವಷ್ಟು ಜಾಗ, ಆ ಜಾಗದಲ್ಲಿ ಹೆಚ್ಚಾಗಿ ಅತ್ತೆಯೇ ನಿಂತಿರುತ್ತಿದ್ದರು. ಕಿಟಕಿ ತೆರೆದಿದೆಯೇ ಎಂದು ನೋಡಲು ಬರುವರು, ಮುಚ್ಚಿದೆಯೇ ಎಂದು ನೋಡಲು ಬರುವರು, ಬಾಗಿಲು ತಟ್ಟುವ ಪದ್ಧತಿ ಮಾತ್ರ ಇರಲಿಲ್ಲ. ಸಿರಿಲ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನೋಡಿ ಅವರು ನಿಟ್ಟುಸಿರು ಬಿಟ್ಟಾಗಲೆಲ್ಲ ಅವನ ಗಂಟಲಲ್ಲಿ ಬ್ರೆಡ್ಡು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಟ್ಯಾನರ್ ಬೀದಿಯ ಒಂಬತ್ತನೇ ನಂಬರಿನ ಮನೆ ಅವನ ಕಣ್ಣಿಗೆ ಸ್ವರ್ಗದಂತೆ ಕಂಡಿತ್ತು. ಕೆಳಗೆರಡು ಕೋಣೆ, ಮೇಲೆರಡು ಕೋಣೆ, ಹಿಂದೆ ಒಂದು ತುಂಡು ಅಂಗಳ. ಅಂಗಳ ಪೂರ್ತಿ ಆವರಿಸಿಕೊಂಡು ಪಿಲಿಂಗ್ ತಾತನ ಪಾರಿವಾಳದ ಗೂಡು ನಿಂತಿತ್ತು, ಅದೊಂದೇ ಕಿರಿಕಿರಿ. ಮನೆ ಕೈಗೆ ಬಂದ ದಿನವೇ ಗೂಡನ್ನು ಕಿತ್ತುಹಾಕಿ ಅಲ್ಲಿ ಎರಡು ಕುರ್ಚಿ ಹಾಕುವುದು, ತಾನೂ ನೋರಾಳೂ ಕೂತು ಯಾರ ನಿಟ್ಟುಸಿರೂ ಕೇಳದ ಹಾಗೆ ಒಂದು ಕಪ್ ಟೀ ಕುಡಿಯುವುದು, ಇಷ್ಟೇ ಸಿರಿಲ್‌ನ ಜೀವನದ ಆಸೆ. ಮನೆ ನೋಡಲು ಹೋದಾಗ ಪಿಲಿಂಗ್ ತಾತ, "ಗೂಡು ಇಟ್ಕೋತೀಯೇನಪ್ಪಾ?" ಎಂದು ಕೇಳಿದ್ದಕ್ಕೆ ಸಿರಿಲ್, "ಭಾಳ ಚೆನ್ನಾಗಿದೆ, ಯೋಚಿಸ್ತೀನಿ," ಎಂದು ಹೇಳಿ ಬಂದಿದ್ದ.

ಆರ್ಡ್‌ಶಾದ ಜನ ಯಾರಿಗೂ ಮುಖದ ಮೇಲೆ ಇಲ್ಲ ಅನ್ನುವವರಲ್ಲ. ಬೇಡದ್ದನ್ನು ಯಾರಾದರೂ ಕೊಡಲು ಬಂದರೆ, ತುಂಬಾ ಉಪಕಾರವಾಯ್ತು ಎನ್ನುತ್ತಾರೆ, ಆಮೇಲೆ ಆ ಕಡೆ ತಲೆ ಹಾಕುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವುದರಿಂದ, ಉಪಕಾರ ಮಾಡಲೇಬೇಕೆಂದು ಹಟ ತೊಟ್ಟವರು ಎದುರಿನವನ ದಾರಿ ಕಾಯದೆ ತಾವೇ ಮುಂದೆ ಬಿದ್ದು ಮಾಡಿಬಿಡುತ್ತಾರೆ. ಸಿರಿಲ್ ಈ ಊರಲ್ಲೇ ಹುಟ್ಟಿ ಬೆಳೆದವನು. ಇದರ ಮೊದಲ ಅರ್ಧ ಅವನಿಗೆ ಕರತಲಾಮಲಕ, ಎರಡನೆಯ ಅರ್ಧ ಮಾತ್ರ ಸಮಯಕ್ಕೆ ಸರಿಯಾಗಿ ಮರೆತುಹೋಗುತ್ತಿತ್ತು.

"ವಕೀಲರು ಬೇಕೇನು?" ಎಂದು ಅತ್ತೆ ಬಾಣಲೆಯ ಸಮೇತ ಬಾಗಿಲಿಗೆ ಬಂದರು. "ಅದಕ್ಯಾಕೆ ಹೀಗೆ ಬೆವರ್ತಿದೀಯ? ಕ್ಯಾಟರಲ್ ಇಲ್ವೇ? ನಮ್ಮೆಜಮಾನ್ರು ಹೋದಾಗ ಅವರ ಉಯಿಲು, ಸಮಾಧಿ ಕಲ್ಲು, ಎಲ್ಲಾ ಅವರೇ ನೋಡ್ಕೊಂಡ್ರು. ಒಂದು ದೂರು ಬಂದಿಲ್ಲ."

"ಮಾವನವರು ದೂರು ಕೊಡೋ ಹಾಗೂ ಇರ್ಲಿಲ್ವಲ್ಲ," ಎಂದು ಸಿರಿಲ್ ಬೂಟಿನೊಳಗೆ ಗೊಣಗಿದ.

"ಏನಂದೆ?"

"ತುಂಬಾ ಉಪಕಾರವಾಯ್ತು ಅತ್ತೆ ಅಂದೆ," ಎಂದು ಸಿರಿಲ್ ಟೋಪಿ ಎಳೆದುಕೊಂಡು ಹೊರಬಿದ್ದ. ನೋರಾ ಬೇಕರಿಯ ಕೆಲಸಕ್ಕೆ ನಸುಕಿನಲ್ಲೇ ಹೋಗಿಯಾಗಿತ್ತು. ಅವಳಿದ್ದಿದ್ದರೆ ಧೈರ್ಯ ಇರುತ್ತಿತ್ತು.

ಗೇಟಿನ ಹತ್ತಿರವೇ ಪಕ್ಕದ ಮನೆಯ ಟಾಪಿಂಗ್ ಗುಲಾಬಿ ಗಿಡ ಕತ್ತರಿಸುತ್ತ ನಿಂತಿದ್ದ. ನಡುಗೋಡೆ ತೆಳು, ಟಾಪಿಂಗನ ಕಿವಿ ಚುರುಕು.

"ವಕೀಲರ ಮಾತು ಕಿವಿಗೆ ಬಿತ್ತು," ಎಂದ. "ಕ್ಯಾಟರಲ್ ಸಹವಾಸ ಮಾತ್ರ ಬೇಡ ಮಾರಾಯ. ನಮ್ಮ ಚಿಕ್ಕಪ್ಪನ ಮನೆ ಕಾಗದ ಅವರೇ ಮಾಡ್ಸಿದ್ದು. ಅಡುಗೆಮನೆ ಮೂಲಕ ಊರೋರಿಗೆ ಹಾದುಹೋಗೋ ಹಕ್ಕಿದೆ ಅನ್ನೋದನ್ನ ನೋಡ್ಲೇ ಇಲ್ಲ ಪುಣ್ಯಾತ್ಮ. ಹಬ್ಬದ ದಿನ ಚಿಕ್ಕಮ್ಮ ಸಾರು ಕುದಿಸ್ತಿದ್ರೆ ಮುಂದಿನ ಬಾಗ್ಲಿಂದ ಬ್ಯಾಂಡ್ ಸೆಟ್ಟು ಬಂತು, ತುತ್ತೂರಿ ಊದ್ಕೊಂಡು ಹಿಂದಿನ ಬಾಗ್ಲಿಂದ ಹೋಯ್ತು! ಡೋಲಿನೋನು ಮಾತ್ರ ಬಾಗ್ಲಲ್ಲಿ ಸಿಕ್ಕಾಕ್ಕೊಂಡ."

ಸಿರಿಲ್ ಗೇಟಿನ ಚಿಲಕ ಹಿಡಿದು ನಿಂತ. "ಆಮೇಲೆ?"

"ಆಮೇಲೇನು, ಊಟ ಹಾಕಿ ಕಳಿಸಿದ್ರು. ಅದಕ್ಕೇ ಹೇಳೋದು. ನನ್ನ ಹೆಂಡ್ತಿ ತಮ್ಮ ಪೊಲಾರ್ಡ್ ಇದಾನೆ. ಅವನಿಗೆ ಒಂದು ಮಾತು ಹೇಳ್ಲಾ?"

"ತುಂಬಾ ಉಪಕಾರವಾಯ್ತು ಟಾಪಿಂಗ್," ಎಂದು ಸಿರಿಲ್ ಬಸ್ಸಿನ ಕಡೆ ಓಡಿದ. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿದರೆ ಒಂದೊಂದು ಮನೆಯೂ ಹೊಟ್ಟೆಯೊಳಗೆ ಒಂದೊಂದು ಬ್ಯಾಂಡ್ ಸೆಟ್ಟು ಬಚ್ಚಿಟ್ಟುಕೊಂಡಂತೆ ಕಂಡಿತು.

ಸಿರಿಲ್ ಕೆಲಸ ಮಾಡುತ್ತಿದ್ದದ್ದು ಹ್ಯಾಸ್ಲಮ್ ಅವರ ರತ್ನಗಂಬಳಿ ಅಂಗಡಿಯಲ್ಲಿ. ಅಲ್ಲಿ ಅವನು ಒಬ್ಬ ಗಿರಾಕಿಗೆ ಮೆಟ್ಟಿಲಿಗೆ ಹಾಸುವ ಗಂಬಳಿಯನ್ನು ಅಳೆದು, ಮತ್ತೆ ಅಳೆದು, ಎರಡು ಸಲವೂ ಬೇರೆ ಬೇರೆ ಅಳತೆ ಹೇಳಿದಾಗ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ವಿಷಯ ಬಾಯಿ ಬಿಡಿಸಿದರು.

"ಪೊಲಾರ್ಡಾ!" ಎಂದು ಹ್ಯಾಸ್ಲಮ್ ಅಂಗೈಯಲ್ಲಿ ಹಣೆ ಹಿಡಿದುಕೊಂಡರು. "ಗಣಿ ಇದ್ದ ಊರು ಕಣಯ್ಯಾ ಇದು. ಮನೆ ಅಡಿ ಸುರಂಗ ಇದೆಯೋ ಇಲ್ವೋ ಅಂತ ವಕೀಲನಾದೋನು ವಿಚಾರಿಸ್ಬೇಕು. ಪೊಲಾರ್ಡ್ ವಿಚಾರಿಸ್ಲಿಲ್ಲ. ನಮ್ಮ ಷಡ್ಡಕನ ಪಿಯಾನೋ ಒಂದಿನ ರಾತ್ರಿ ಒಂದು ಮೊಳ ಕೆಳಗೆ ಹೋಯ್ತು. ಈಗ ಅವನ ಮಗಳು ಮಂಡಿಯೂರಿ ಬಾರಿಸ್ತಾಳೆ."

"ಅಯ್ಯೋ."

"ಪಾಪ, ಚೆನ್ನಾಗೇ ಬಾರಿಸ್ತಾಳೆ. ಸರಿ, ನೀನು ಚಿಂತೆ ಬಿಡು. ನಮ್ಮ ನಟಾಲ್ ಇದಾರೆ, ನನ್ನ ಜೊತೆ ಗಾಲ್ಫ್ ಆಡೋರು. ಈಗ್ಲೇ ಫೋನ್ ಮಾಡಿ ಹೇಳ್ತೀನಿ."

"ಅಷ್ಟು ತೊಂದ್ರೆ ಯಾಕೆ ಸಾರ್, ತುಂಬಾ ಉಪಕಾರವಾಯ್ತು," ಎಂದ ಸಿರಿಲ್. ಹೊಟ್ಟೆಪಾಡಿನ ಯಜಮಾನರ ಗಾಲ್ಫ್ ಗೆಳೆಯ ನಾಳೆ ಎಡವಟ್ಟು ಮಾಡಿದರೆ ಯಾರ ಮುಖ ನೋಡಿ ಬೈಯುವುದು? ಬೇಡವೇ ಬೇಡ. ತನ್ನ ವಕೀಲರನ್ನು ತಾನೇ ಆರಿಸಬೇಕು, ಯಾರ ಭಾವಮೈದುನನೂ ಅಲ್ಲದ, ಯಾರ ಜೊತೆಯೂ ಆಟವಾಡದ ವಕೀಲರನ್ನು. ಹೀಗೆ ನಿರ್ಧರಿಸಿದ ಮೇಲೆ ಅವನ ಮನಸ್ಸು ಹಗುರಾಯಿತು. ಮೂವರಿಗೂ ಉಪಕಾರ ಎಂದು ಹೇಳಿಯಾಗಿದೆ, ಮೂವರೂ ಸಭ್ಯರು, ಅರ್ಥ ಮಾಡಿಕೊಂಡಿರುತ್ತಾರೆ ಎಂದುಕೊಂಡ.

ಊಟದ ಹೊತ್ತಿಗೆ ಜೇಬಿನಿಂದ ಮಾಂಸದ ಪೈ ತೆಗೆದು ಬಾಯಿಗಿಡಬೇಕು, ಅಷ್ಟರಲ್ಲಿ ಬ್ರೆಟ್‌ನ ಫೋನು ಅಂಗಡಿಗೇ ಬಂತು.

"ಮಿಸ್ಟರ್ ಹಾಲ್‌ರಾಯ್ಡ್, ಹೇಳೋಕೆ ಬೇಜಾರು. ಒಂಬತ್ತನೇ ನಂಬರಿಗೆ ಬೇರೆಯೋರು ಬಿದ್ದಿದಾರೆ."

"ಬೇರೆಯೋರಾ? ಯಾರು?"

"ಬೆಳಿಗ್ಗೆಯಿಂದ ಮೂರು ಕಡೆಯ ವಕೀಲರು ಫೋನ್ ಮಾಡಿದ್ರು. ಒಂಬತ್ತನೇ ನಂಬರ್ ಕೊಳ್ಳೋರ ಪರವಾಗಿ ನಾವು ಅಂತ. ಕೊಳ್ಳೋರ ಹೆಸರು ಕೇಳಿದ್ರೆ, ಸಹಿ ಆಗೋವರ್ಗೂ ಕಕ್ಷಿದಾರರ ಹೆಸರು ಹೇಳೋ ಪದ್ಧತಿ ಇಲ್ಲ ಅಂತಾರೆ, ಗೊತ್ತಲ್ಲ ವಕೀಲರ ಬುದ್ಧಿ. ಯಾವ ವಕೀಲರು ಅಂತ ನಾನೂ ನಿಮಗೆ ಹೇಳೋ ಹಾಗಿಲ್ಲ. ಒಟ್ಟಿನಲ್ಲಿ ಮೂವರೂ ಭಾರೀ ಉತ್ಸಾಹದಲ್ಲಿದಾರೆ. ವಕೀಲರಿಲ್ದೇ ಇರೋರು ನೀವೊಬ್ರೇ!"

ನಿನ್ನೆಯವರೆಗೆ ನಾಯಿಯೂ ಮೂಸದಿದ್ದ ಮನೆಗೆ ಇವತ್ತು ಮೂವರು ವಕೀಲರು! ಇನ್ನೊಂದು ಚಳಿಗಾಲ ಆ ಹಿಂದಿನ ಕೋಣೆಯಲ್ಲಿ, ಅತ್ತೆ ಬಂದು ಕಿಟಕಿ ನೋಡುವಾಗ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು! ಅವನು ಪೈಯನ್ನು ಜೇಬಿಗೆ ತುರುಕಿ, ಯಜಮಾನರಿಗೆ ಹಲ್ಲುನೋವೆಂದು ಹೇಳಿ ಚರ್ಚ್ ಬೀದಿಗೆ ಓಡಿದ. ಆರ್ಡ್‌ಶಾದ ವಕೀಲರೆಲ್ಲ ಕಚೇರಿ ಮಾಡಿಕೊಂಡಿದ್ದದ್ದು ಆ ಬೀದಿಯಲ್ಲಿ.

ಮೊದಲು ಸಿಕ್ಕಿದ ಹಿತ್ತಾಳೆ ಫಲಕ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗಿದ್ದ ವಕೀಲರು ಎಷ್ಟು ತಾಳ್ಮೆಯವರೆಂದರೆ ಸಿರಿಲ್ ತನ್ನ ಕಥೆಯನ್ನೆಲ್ಲ, ಅತ್ತೆ, ಕಿಟಕಿ, ಬೆಣ್ಣೆಯ ಸಮೇತ ಹೇಳಿ ಮುಗಿಸುವವರೆಗೂ ತಲೆದೂಗುತ್ತ ಕೂತಿದ್ದರು.

"ಮನೆ ವ್ಯವಹಾರ ನಾನು ಮಾಡಲ್ಲ," ಎಂದರು ಕೊನೆಗೆ. "ವಿಚ್ಛೇದನ ಮಾತ್ರ. ಆದ್ರೂ ನೀವು ಹೇಳಿದ್ದು ಕೇಳಿದ್ರೆ ನನ್ನ ಕಾರ್ಡು ನಿಮ್ಮ ಹತ್ರ ಇದ್ದಿರ್ಲಿ."

ಎರಡನೆಯವರು ಮನೆ ವ್ಯವಹಾರ ಮಾಡುತ್ತಿದ್ದರು, ಆದರೆ ಸಿರಿಲ್‌ಗೆ ಸಾಲ ಕೊಡುವ ಬ್ಯಾಂಕು ಅವರನ್ನು ಒಪ್ಪುತ್ತಿರಲಿಲ್ಲ. ಬ್ಯಾಂಕಿನವರಿಗೆ ತಮಗೆ ನಂಬಿಕೆಯಿರುವ ವಕೀಲರೇ ಆಗಬೇಕು, ಬೇರೆಯವರಾದರೆ ಸಾಲದ ದುಡ್ಡು ಬಿಡುವುದಿಲ್ಲ. ಇದು ಸಿರಿಲ್‌ಗೆ ಗೊತ್ತಾದದ್ದು ಆಗಲೇ. "ಯಾಕೆ ಒಪ್ಪಲ್ಲ?" ಎಂದು ಕೇಳಿದ. "ಅದೊಂದು ದೊಡ್ಡ ಕತೆ," ಎಂದು ಅವರು ಗೋಡೆ ನೋಡಿದರು. ಆ ಕತೆ ಕೇಳದೆ ಸಿರಿಲ್ ಎದ್ದು ಬಂದ.

ಬೀದಿಯ ಕೊನೆಯಲ್ಲಿ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ, ಮಿಸ್ ಅನ್ಸ್‌ವರ್ತ್ ಸಿಕ್ಕರು. ತೆಳ್ಳನೆಯ ಹೆಂಗಸು, ಬೂದು ಬಣ್ಣದ ಸ್ವೆಟರು, ಮಾತು ಕಡಿಮೆ. ಸಿರಿಲ್ ಬಾಯಿ ತೆರೆಯುವ ಮೊದಲೇ ಯಾವ ಬ್ಯಾಂಕು ಎಂದು ಕೇಳಿದರು, ಆ ಬ್ಯಾಂಕು ನನ್ನನ್ನು ಒಪ್ಪುತ್ತದೆ ಎಂದರು. ಮನೆಯ ಅಡಿ ಸುರಂಗವಿದೆಯೇ ಎಂದು ವಿಚಾರಿಸುತ್ತೇನೆ ಎಂದರು. ಯಾರಿಗೆ ಎಲ್ಲಿ ಹಾದುಹೋಗುವ ಹಕ್ಕಿದೆ ಎಂದು ಮೊದಲು ನೋಡುತ್ತೇನೆ ಎಂದರು.

"ಬ್ಯಾಂಡ್ ಸೆಟ್ಟಿಗೂ ಸೇರಿ ನೋಡ್ತೀರಾ?" ಎಂದ ಸಿರಿಲ್, ಕಣ್ಣಲ್ಲಿ ನೀರು ತುಂಬಿಕೊಂಡು.

"ಬ್ಯಾಂಡ್ ಸೆಟ್ಟಿಗೆ ಮುಖ್ಯವಾಗಿ," ಎಂದರು ಮಿಸ್ ಅನ್ಸ್‌ವರ್ತ್. "ನಾಳೆ ನಿಮ್ಮ ಹೆಂಡತಿಯನ್ನೂ ಕರ್ಕೊಂಡು ಬನ್ನಿ, ಇಬ್ಬರ ಸಹಿಯೂ ಬೇಕು. ಈಗ ಹೋಗಿ ದಲ್ಲಾಳಿಗೆ ನನ್ನ ಹೆಸರು ಹೇಳಿ."

ಹುಟ್ಟಿದ ಮೇಲೆ ಯಾವುದನ್ನೂ ಇಷ್ಟು ಸರಿಯಾಗಿ ಆರಿಸಿರಲಿಲ್ಲ ಎಂದು ಸಿರಿಲ್‌ಗೆ ಅನ್ನಿಸಿತು. ಮೆಟ್ಟಿಲಿಳಿಯುವಾಗ ಎದೆ ಉಬ್ಬಿತ್ತು. ಬ್ರೆಟ್‌ನ ಕಚೇರಿ ಮುಟ್ಟುವಷ್ಟರಲ್ಲಿ ಮತ್ತೆ ಇಳಿದಿತ್ತು.

"ಅನ್ಸ್‌ವರ್ತ್ ಅವರಾ? ಒಳ್ಳೆಯೋರೇ," ಎಂದ ಬ್ರೆಟ್. "ಆದ್ರೆ ಈಗ ಬರೀ ವಕೀಲರು ಸಾಲದು ಸ್ವಾಮಿ. ನಾಲ್ಕು ಜನ ನಿಂತಿರುವಾಗ ಪಿಲಿಂಗ್ ಅವರು ನಿಮಗೇ ಯಾಕೆ ಕೊಡ್ಬೇಕು? ಸ್ವಲ್ಪ ಬೆಲೆ ಏರಿಸಿ."

"ಬ್ಯಾಂಕಿನೋರು ಇದಕ್ಕಿಂತ ಒಂದು ಕಾಸೂ ಕೊಡಲ್ಲ ಅಂದಿದಾರೆ."

"ಹಾಗಾದ್ರೆ ಬೇರೆ ಏನಾದ್ರೂ ಕೊಡಿ. ಆ ಅಜ್ಜನ ಮನಸ್ಸು ಗೆಲ್ಲಿ. ಮಿಕ್ಕ ಮೂವರೂ ಇನ್ನೂ ಹೋಗಿ ಮಾತಾಡಿಲ್ಲ."

ಅಜ್ಜನ ಮನಸ್ಸು ಎಲ್ಲಿದೆ ಎಂಬುದು ಸಿರಿಲ್‌ಗೆ ಗೊತ್ತಿತ್ತು. ಅದು ಹಿಂದಿನ ಅಂಗಳದಲ್ಲಿ ಗುಟುರ್ ಗುಟುರ್ ಎನ್ನುತ್ತಿತ್ತು.

ಟ್ಯಾನರ್ ಬೀದಿಯಲ್ಲಿ ಪಿಲಿಂಗ್ ತಾತ ಬಾಗಿಲು ತೆರೆದರು. ಕೈತುಂಬ ಜೋಳ, ಹೆಗಲ ಮೇಲೊಂದು ನೀಲಿ ಹಕ್ಕಿ.

"ತಾತ, ಗೂಡಿನ ವಿಷಯ ಮಾತಾಡೋಣ ಅಂತ ಬಂದೆ," ಎಂದು ಸಿರಿಲ್ ಟೋಪಿಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತ ಹೇಳಿದ.

"ಕೀಳಿಸ್ತೀಯ ಅಲ್ವಾ? ಅವತ್ತೇ ನಿನ್ನ ಮುಖ ನೋಡಿ ತಿಳ್ಕೊಂಡೆ." ತಾತನ ಧ್ವನಿಯಲ್ಲಿ ಕೋಪವಿರಲಿಲ್ಲ, ಅದೇ ಸಿರಿಲ್‌ಗೆ ಕಷ್ಟವಾದದ್ದು. "ನಾನು ಹೋಗ್ತಿರೋ ಮುದುಕರ ಫ್ಲ್ಯಾಟಲ್ಲಿ ಹಕ್ಕಿ ಸಾಕೋ ಹಾಗಿಲ್ಲಪ್ಪ. ಬೇರೆಯೋರಿಗೆ ಕೊಟ್ಟೆ ಅಂತಿಟ್ಕೋ, ಬಾಗ್ಲು ತೆಗೆದ ತಕ್ಷಣ ವಾಪಸ್ ಇಲ್ಲಿಗೇ ಹಾರ್ಕೊಂಡು ಬರ್ತವೆ. ಇವಕ್ಕೆ ಮನೆ ಅಂದ್ರೆ ಇದೊಂದೇ. ಬಂದು ನೋಡಿದ್ರೆ ಗೂಡಿಲ್ಲ. ಮಳೇಲಿ ಗೋಡೆ ಮೇಲೆ ಕೂತ್ಕೊಂಡಿರ್ತವೆ."

ಮನೆಯಿಲ್ಲದೆ ಇನ್ನೊಬ್ಬರ ಗೋಡೆಯ ಮೇಲೆ ಕೂರುವುದು ಎಂದರೇನು ಎಂದು ಸಿರಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಅವನು ಮಾತು ಕೊಟ್ಟೇಬಿಟ್ಟ. ಭಯಕ್ಕೋ, ಕನಿಕರಕ್ಕೋ, ಎರಡಕ್ಕೂ ಇರಬಹುದು.

"ಕೀಳ್ಸಲ್ಲ ತಾತ. ಗೂಡು ಇರ್ಲಿ. ಹಕ್ಕೀನೂ ಇರ್ಲಿ."

"ನಿಂಗೆ ನೋಡ್ಕೊಳೋಕೆ ಬರಲ್ವಲ್ಲಪ್ಪ?"

"ನೀವೇ ಬನ್ನಿ," ಎಂದು ಸಿರಿಲ್‌ನ ಬಾಯಿ ಅವನನ್ನು ಕೇಳದೆಯೇ ಹೇಳಿತು. "ದಿನಾ ಬೆಳಿಗ್ಗೆ ಬನ್ನಿ. ಅಡುಗೆಮನೆ ಮೂಲಕ ಹೋಗಿ. ಟೀನೂ ಕುಡ್ಕೊಂಡು ಹೋಗಿ."

ತಾತ ಜೋಳ ಮೆತ್ತಿದ ಕೈಯನ್ನು ಚಾಚಿದರು. ಸಿರಿಲ್ ಆ ಕೈ ಹಿಡಿದು ಕುಲುಕಿದ. ಆರ್ಡ್‌ಶಾದಲ್ಲಿ ಕೈ ಕುಲುಕಿದ ಮೇಲೆ ಮುಗಿಯಿತು. ತಾತ ಆಗಲೇ ಬ್ರೆಟ್‌ಗೆ ಫೋನು ಮಾಡಿ, ಗೂಡು ಉಳಿಸಿ ಬೆಳಿಗ್ಗೆ ಟೀ ಕೊಡುವ ಪುಣ್ಯಾತ್ಮನಿಗೇ ಮನೆ ಎಂದು ಹೇಳಿಬಿಟ್ಟರು. ಮನಸ್ಸಿನ ಎರಡು ಕುರ್ಚಿಗಳನ್ನು ಸಿರಿಲ್ ಮಡಚಿ ಇಟ್ಟ. ಹೋಗಲಿ, ಇಡೀ ದಿನದಲ್ಲಿ ಒಬ್ಬ ಮುದುಕ ಒಂದಿಷ್ಟು ಹೊತ್ತು ಬಂದು ಹೋದರೆ ಆಕಾಶವೇನೂ ಬೀಳುವುದಿಲ್ಲ. ಅತ್ತೆ ಇರುವುದಿಲ್ಲವಲ್ಲ, ಅಷ್ಟು ಸಾಕು.

ತಾತ ಖುಷಿಯಲ್ಲಿ ಟೀ ಮಾಡಿಕೊಟ್ಟರು. "ಆ ಮಿಕ್ಕ ಮೂವರಿಗೆ ನಿರಾಸೆ ಆಗುತ್ತೇನೋ, ಪಾಪ," ಎಂದರು. "ಬ್ರೆಟ್ ನಂಗೆ ವಕೀಲರ ಹೆಸರು ಹೇಳಿದ್ದ. ಒಬ್ರು ಕ್ಯಾಟರಲ್ ಅಂತೆ. ಇನ್ನೊಬ್ರು ಪೊಲಾರ್ಡು. ಮತ್ತೊಬ್ರು ಯಾರಪ್ಪ ಅದು, ಗಾಲ್ಫ್ ಆಡೋರು..."

"ನಟಾಲ್," ಎಂದ ಸಿರಿಲ್.

"ಹಾಂ, ಅವರೇ. ನಿಂಗೆ ಹೆಂಗೆ ಗೊತ್ತಾಯ್ತು?"

ಸಿರಿಲ್‌ನ ಟೀ ಕಪ್ಪು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಅತ್ತೆ, ಟಾಪಿಂಗ್, ಯಜಮಾನರು. ಉಪಕಾರ, ಉಪಕಾರ, ಉಪಕಾರ. ಮಧ್ಯಾಹ್ನದಿಂದ ಅವನನ್ನು ಊರೆಲ್ಲ ಓಡಿಸಿದ್ದ ಆ ಮೂವರು ಎದುರಾಳಿಗಳು ಅವನೇ! ತನ್ನ ಮೇಲೆ ತಾನೇ ಪೈಪೋಟಿಗೆ ಬಿದ್ದು, ತನ್ನನ್ನು ಸೋಲಿಸಲು ತನ್ನ ಅಂಗಳವನ್ನು ತಾನೇ ಪಾರಿವಾಳಕ್ಕೆ ಬರೆದುಕೊಟ್ಟಿದ್ದ.

ಈಗಲೂ ಹೇಳಬಹುದಿತ್ತು. ಆದರೆ ತಾತ ಕಿಟಕಿಯ ಹತ್ತಿರ ನಿಂತು ಹಕ್ಕಿಗಳಿಗೆ, "ಕೇಳಿದ್ರೇನ್ರೋ, ಎಲ್ಲೂ ಹೋಗ್ಬೇಕಾಗಿಲ್ಲ," ಎನ್ನುತ್ತಿದ್ದರು. ಇದನ್ನು ಕೇಳಿದ ಮೇಲೆ ಯಾವ ಬಾಯಿಂದ ಹೇಳುವುದು? ಸಿರಿಲ್ ಟೀ ಮುಗಿಸಿ, ತುಂಬಾ ಉಪಕಾರವಾಯ್ತು ಎಂದು ಹೇಳಿ ಎದ್ದ.

ಬ್ರೆಟ್‌ಗಾದರೂ ವಿಷಯ ತಿಳಿಸಿ ಉಳಿದ ಮೂವರು ವಕೀಲರನ್ನು ಬಿಡಿಸಿಕೊಳ್ಳಬೇಕು ಎಂದು ಬೀದಿಯ ಮೂಲೆಯ ಫೋನ್ ಪೆಟ್ಟಿಗೆಗೆ ಹೊಕ್ಕ. ಬ್ರೆಟ್‌ನ ಫೋನು ಯಾರ ಜೊತೆಯೋ ಬಿಡುವಿಲ್ಲದೆ ಮಾತಾಡುತ್ತಿತ್ತು. ಮತ್ತೆ ಮಾಡಿದ, ಆಗಲೂ ಹಾಗೇ. ಹೊರಗೆ ನಾಯಿ ಹಿಡಿದುಕೊಂಡ ಒಬ್ಬ ಹೆಂಗಸು ಗಾಜಿಗೆ ಮೂಗು ಒತ್ತಿ ಕಾಯತೊಡಗಿದಳು. ಸಿರಿಲ್ ಅವಳ ಕ್ಷಮೆ ಕೇಳಿದ, ನಾಯಿಯ ಕ್ಷಮೆಯನ್ನೂ ಕೇಳಿ ಮನೆಯ ದಾರಿ ಹಿಡಿದ.

ಬಾಗಿಲು ತೆರೆದಾಗ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಡುಗೆಮನೆಯಲ್ಲಿ ಅತ್ತೆ ಏನೋ ಹಾಡು ಗುನುಗುತ್ತಿದ್ದರು. ಅವರು ಹಾಡಿದ್ದನ್ನು ಸಿರಿಲ್ ಕೇಳಿದ್ದು ಅದೇ ಮೊದಲು.

"ಮಿಸ್ಟರ್ ಹಾಲ್‌ರಾಯ್ಡ್," ಎಂದ ಬ್ರೆಟ್, ಯಾರೋ ಸತ್ತ ಮನೆಗೆ ಮಾತಾಡುವ ದನಿಯಲ್ಲಿ. "ಹೇಗೆ ಹೇಳ್ಲೋ ಗೊತ್ತಾಗ್ತಿಲ್ಲ. ಮನೆ ಕೈತಪ್ಪಿತು. ಇನ್ನೊಬ್ರು ನಿಮಗಿಂತ ಒಳ್ಳೆ ಮಾತು ಕೊಟ್ರು. ಪಿಲಿಂಗ್ ಅವರು ಅತ್ತುಬಿಟ್ರು. ತನಗೋಸ್ಕರ ಆಗಿದ್ರೆ ಕೊಟ್ಟ ಕೈ ಬಿಡ್ತಿರ್ಲಿಲ್ಲವಂತೆ, ಹಕ್ಕಿಗಳಿಗೋಸ್ಕರ ಬಿಡ್ಬೇಕಾಯ್ತಂತೆ. ನಿಮ್ಮ ಕ್ಷಮೆ ಕೇಳಿದಾರೆ."

ಸಿರಿಲ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಆಮೇಲೆ ಏನೋ ಹೊಳೆಯಿತು. "ಯಾರ ವಕೀಲರು ಗೆದ್ದದ್ದು? ಕ್ಯಾಟರಲ್ ಅವರೇ ತಾನೆ?"

"ಅದನ್ನ ನಾನು ಹೇಳೋ ಹಾಗಿಲ್ಲ..."

"ಕ್ಯಾಟರಲ್ ಆದ್ರೂ ನಾನೇ! ಪೊಲಾರ್ಡ್ ಆದ್ರೂ ನಾನೇ! ನಟಾಲ್ ಆದ್ರೂ ನಾನೇ ಕಣ್ರೀ!" ಎಂದು ಸಿರಿಲ್ ಕುಣಿದ. ಆ ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. "ನಾಲ್ಕೂ ನಾನೇ! ಯಾರು ಗೆದ್ರೂ ನಾನೇ ಗೆದ್ದೆ!"

ಆ ಕಡೆ ಕಾಗದ ತಿರುವುವ ಸದ್ದಾಯಿತು. "ಕ್ಯಾಟರಲ್ ಅವರೇ," ಎಂದ ಬ್ರೆಟ್ ಕೊನೆಗೆ, ಸಣ್ಣ ದನಿಯಲ್ಲಿ. "ಹಾಗಾದ್ರೆ ಅಭಿನಂದನೆ ಸ್ವಾಮಿ. ಆ ಮಾತನ್ನೂ ನೀವೇ ಕೊಟ್ಟಿರೋದು ಅನ್ನಿ."

"ಯಾವ ಮಾತು?"

ಅಷ್ಟರಲ್ಲಿ ಅತ್ತೆ ಅವನ ಕೈಯಿಂದ ಫೋನು ತೆಗೆದುಕೊಂಡು, "ಉಪಕಾರವಾಯ್ತು ಮಿಸ್ಟರ್ ಬ್ರೆಟ್, ಇನ್ನು ನಾನು ಹೇಳ್ತೀನಿ," ಎಂದು ಕೆಳಗಿಟ್ಟರು. ಅಡುಗೆಮನೆಯ ಮೇಜಿನ ಮುಂದೆ ನೋರಾ ಕೂತಿದ್ದಳು. ಬೇಕರಿಯ ಹಿಟ್ಟು ಇನ್ನೂ ಮೊಣಕೈಯಲ್ಲಿತ್ತು, ಅವಳು ಗಂಡನ ಮುಖ ನೋಡಲಿಲ್ಲ.

"ಕೂತ್ಕೋ," ಎಂದರು ಅತ್ತೆ. "ನೀನಂತೂ ಇವತ್ತು ಪೂರ್ತಿ ಪತ್ತೇನೇ ಇಲ್ಲ. ನಾನಿಲ್ದೇ ಹೋಗಿದ್ರೆ ಮನೆ ಹೋಗಿತ್ತು. ಮಧ್ಯಾಹ್ನ ನೋರಾನ ಕರ್ಕೊಂಡು ಹೋಗಿ ಕ್ಯಾಟರಲ್ ಹತ್ರ ಸಹಿ ಹಾಕ್ಸಿದೆ, ನಿಂದು ನಾಳೆ ಹಾಕಿದ್ರಾಯ್ತು. ಸಾಯಂಕಾಲ ದಲ್ಲಾಳಿಯಿಂದ ಸುದ್ದಿ ಬಂತು ಅಂತ ಅವರೇ ಫೋನ್ ಮಾಡಿದ್ರು. ಯಾವನೋ ಒಬ್ಬ ಅವಿವೇಕಿ ಹೋಗಿ, ಗೂಡು ಇಟ್ಕೋತೀನಿ, ದಿನಾ ಟೀ ಕೊಡ್ತೀನಿ ಅಂತ ಆ ಪಿಲಿಂಗ್ ತಲೆ ಸವರಿದಾನೆ ಅಂತ. ನಂಗೆ ಮೈಯೆಲ್ಲ ಉರಿದುಹೋಯ್ತು ನೋಡು. ಹಿಲ್ಡಾ ಕ್ಲೆಗ್ ಮನೇನ ಯಾವನೋ ಕಿತ್ಕೊಳ್ಳೋದಾ?"

"ಆ ಅವಿವೇಕಿ..." ಎಂದು ಸಿರಿಲ್ ಶುರುಮಾಡಿದ.

"ನಡುವೆ ಬಾಯಿ ಹಾಕ್ಬೇಡ. ನಮ್ಮಪ್ಪ ಈ ಜಿಲ್ಲೆಗೇ ಹೆಸರಾದ ಪಾರಿವಾಳದೋನು. ಹಕ್ಕಿ ಕಾಲು ಹಿಡಿದು ನೋಡಿ ಜ್ವರ ಹೇಳ್ತಿದ್ದ, ನಂಗೂ ಕಲ್ಸಿದಾನೆ. ಕ್ಯಾಟರಲ್‌ಗೆ ಹೇಳ್ದೆ, ಆ ಅಜ್ಜನಿಗೆ ಹೀಗೆ ತಿಳಿಸಿ ಅಂತ. ನಮ್ಮ ಕಡೆಯಿಂದ ಹಕ್ಕಿ ಬಲ್ಲೋರು ಒಬ್ರು ಅದೇ ಮನೇಲೇ ಇದ್ದು ಹಗಲೂ ರಾತ್ರಿ ನೋಡ್ಕೋತಾರೆ. ಅವನೂ ಬೇಕಾದಾಗ ಬರ್ಲಿ, ಅವನ ಪಾರಿವಾಳ ಸಂಘದೋರೂ ಬರ್ಲಿ. ಎಲ್ರಿಗೂ ಅಡುಗೆಮನೆ ಮೂಲಕ ಹಾದುಹೋಗೋ ಹಕ್ಕು, ಕಾಗದದಲ್ಲೇ ಬರೆದುಕೊಡ್ತೀವಿ. ಹಕ್ಕು ಬರೆಯೋದ್ರಲ್ಲಿ ಕ್ಯಾಟರಲ್ ಎತ್ತಿದ ಕೈ."

ಸಿರಿಲ್‌ನ ಕಿವಿಯಲ್ಲಿ ದೂರದಿಂದ ಒಂದು ತುತ್ತೂರಿ ಕೇಳಿಸಿತು. "ಅದೇ ಮನೇಲೇ ಇರೋರು ಯಾರು ಅತ್ತೆ?"

"ಇನ್ಯಾರು? ನಿಮ್ಮಿಬ್ರಿಗೂ ಹಕ್ಕಿ ವಿಷಯ ಏನು ಗೊತ್ತು? ಮೇಲಿನ ಮುಂದಿನ ಕೋಣೆ ನಂಗೆ, ಗಾಳಿ ಬೆಳಕು ಚೆನ್ನಾಗಿದೆ. ನಿಮಗೆ ಹಿಂದಿನದು."

ಸಿರಿಲ್ ನೋರಾಳ ಕಡೆ ತಿರುಗಿದ. "ನೀನೇನಂದೆ?"

"ನಾನು... ತುಂಬಾ ಉಪಕಾರವಾಯ್ತು ಅಮ್ಮ ಅಂದೆ," ಎಂದು ನೋರಾ ಹಿಟ್ಟು ಮೆತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಂಡಳು.

ಮುಳುಗುವವನು ಕೈ ಆಡಿಸುವ ಹಾಗೆ ಸಿರಿಲ್ ಕೊನೆಯ ಸಲ ಪ್ರಯತ್ನಿಸಿದ. "ಬ್ಯಾಂಕಿನೋರು ಎಲ್ಲಾ ವಕೀಲರನ್ನೂ ಒಪ್ಪಲ್ಲ ಅತ್ತೆ. ಕ್ಯಾಟರಲ್ ಅವರನ್ನ ಒಪ್ಪದೇ ಇದ್ರೆ ಸಾಲಾನೇ ಇಲ್ಲ. ಆಗ ಹೊಸ ಮನೆ ಆಸೆ ಬಿಟ್ಟು ಇಲ್ಲೇ..."

"ಒಪ್ಪದೇ ಏನು? ಬ್ಯಾಂಕಿನ ಮ್ಯಾನೇಜರ ಮನೆ ಕಾಗದ ಮಾಡ್ಸಿದ್ದೇ ಅವರು. ಇನ್ನು ಇಲ್ಲೇ ಇರೋ ಮಾತು ಬಿಡು, ಈ ಬಾಡಿಗೆ ಮನೆ ಬಿಡ್ತೀನಿ ಅಂತ ಮಾಲೀಕರಿಗೆ ಫೋನ್ ಮಾಡಿ ಹೇಳ್ದೆ. ಎದುರುಮನೆಯೋರ ಮಗಳು ಸಂಸಾರ ಸಮೇತ ಕಾಯ್ತಿದ್ಲು, ಅವಳಿಗೆ ಕೊಟ್ಟೂ ಆಯ್ತು. ಆಗ್ಲೇ ಬಂದು ಪರದೆಗೆ ಅಳತೆ ತಗೊಂಡು ಹೋದ್ಲು."

ಪಕ್ಕದ ಮನೆಯಲ್ಲಿ ಟಾಪಿಂಗ್ ನಡುಗೋಡೆಗೆ ಕಿವಿ ಇಟ್ಟಿದ್ದಿರಬೇಕು, ಏನೋ ಗೋಡೆಗೆ ಉಜ್ಜಿದ ಸದ್ದು ಬಂತು. ಸಿರಿಲ್ ಜೇಬಿಗೆ ಕೈ ಹಾಕಿದ. ಅಪ್ಪಚ್ಚಿಯಾದ ಪೈ ಕೈಗೆ ಬಂತು, ಅದರ ಜೊತೆಗೆ ವಿಚ್ಛೇದನದ ವಕೀಲರ ಕಾರ್ಡೂ ಬಂತು. ಅವನು ಕಾರ್ಡನ್ನು ಬೇಗ ಒಳಗಿಟ್ಟು ಪೈಯನ್ನು ಮೇಜಿನ ಮೇಲಿಟ್ಟ.

ಅತ್ತೆ ಕುರ್ಚಿ ಎಳೆದು ಕೂತು, ಎಂದೂ ಇಲ್ಲದ ಪ್ರೀತಿಯಿಂದ ಅಳಿಯನ ಕಡೆ ನೋಡಿದರು. "ಆ ಅಂಗಳ ಇದ್ಯಲ್ಲ, ನಾನೂ ಯೋಚ್ನೆ ಮಾಡಿಟ್ಟಿದೀನಿ. ಗೂಡಿನ ಮುಂದೆ ಎರಡು ಕುರ್ಚಿ ಹಾಕೋಕೆ ಜಾಗ ಇದೆ. ಬೆಳಿಗ್ಗೆ ನಾನೂ ಪಿಲಿಂಗೂ ಕೂತು ಹಕ್ಕಿ ನೋಡ್ಬಹುದು. ನೀನು ಕೆಲಸಕ್ಕೆ ಹೋಗೋ ಮುಂಚೆ ಎರಡು ಕಪ್ ಟೀ ತಂದ್ಕೊಟ್ರೆ ಸಾಕು. ಏನಂತೀಯ?"

"ತುಂಬಾ ಉಪಕಾರವಾಯ್ತು ಅತ್ತೆ," ಎಂದ ಸಿರಿಲ್.